ಮಳೆಯ ಋಣವೂ ವರ್ತಕನ ಕಾಯಕವೂ





ಅಮೃತಾಪುರವೆಂಬ ಹೆಸರಿಗೆ ಎರಡು ಅರ್ಥಗಳುಂಟು. ಒಂದು ಚರಿತ್ರೆ ಹೇಳುವ ಅರ್ಥ. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ. ಶ. 1196ರಲ್ಲಿ ಇಲ್ಲಿ ದೇವಾಲಯವನ್ನು ಕಟ್ಟಿಸಿದನು. ಶಿಲ್ಪಿ ಮಲ್ಲಿತಮ್ಮನ ಉಳಿ ಅದರ ಕಲ್ಲಿನ ಮೇಲೆ ಆಡಿತು. ಅಲ್ಲಿಯ ಶಾಸನಕ್ಕೆ ಕವಿ ಜನ್ನನು ಪದ್ಯಗಳನ್ನು ರಚಿಸಿಕೊಟ್ಟನು. ಆ ದಂಡನಾಯಕನ ಹೆಸರೇ ದೇವರಿಗೂ ಊರಿಗೂ ನಿಂತಿತು. ಮತ್ತೊಂದು ನಿಘಂಟು ಹೇಳುವ ಅರ್ಥ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನಿಗೂ ತಿಳಿದಿರುವಂತೆ, ನೀರಿಗಿರುವ ಪರ್ಯಾಯ ನಾಮಗಳಲ್ಲಿ ‘ಅಮೃತ’ವೂ ಒಂದು, ‘ಜೀವನ’ವೂ ಒಂದು. ಆದುದರಿಂದ ಅಮೃತಾಪುರವೆಂದರೆ ನೀರಿನ ಊರು ಎಂದು ಅರ್ಥಮಾಡಿದರೂ ಶಬ್ದಕ್ಕೆ ಅಪಚಾರವಾಗದು. ಮೊದಲನೆಯ ಅರ್ಥವನ್ನು ಕಲ್ಲು ಕಾಪಾಡಿಕೊಂಡು ಬಂದಿದೆ. ಎರಡನೆಯ ಅರ್ಥವನ್ನು ಕಾಪಾಡತಕ್ಕವರು ಯಾರು ಎಂಬುದೇ ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತರು ವಿಚಾರಿಸತಕ್ಕ ವಿಷಯ.

ತರೀಕೆರೆ, ಕಡೂರು, ಅಜ್ಜಂಪುರಗಳ ಸೀಮೆಯು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಹೊಸ್ತಿಲು. ಪಡುವಣಕ್ಕೆ ಲಕ್ಕವಳ್ಳಿಯ ಕಾಡು, ಭದ್ರೆಯ ಹರಿವು. ಮೂಡಣಕ್ಕೆ ಹೋದಂತೆ ಮಳೆ ಕಡಮೆಯಾಗುತ್ತ, ನೆಲ ಬಯಲಾಗುತ್ತ, ರಾಗಿ ಜೋಳಗಳ ಹೊಲಗಳೂ ಹುಲ್ಲುಗಾವಲುಗಳೂ ಎದುರಾಗುವುವು. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾಗಿ 1965ರಲ್ಲಿ ಮುಗಿದ ಭದ್ರಾ ಅಣೆಕಟ್ಟೆಯು ಸುಮಾರು 71.5 ಶತಕೋಟಿ ಘನ ಅಡಿ ನೀರನ್ನು ಹಿಡಿಯಬಲ್ಲುದು. ಆದರೆ ನೀರಿನ ಧರ್ಮ ಇಳಿಯುವುದೇ ಹೊರತು ಏರುವುದಲ್ಲ. ಅಣೆಕಟ್ಟೆ ಹತ್ತಿರವಿದ್ದ ಮಾತ್ರಕ್ಕೆ ಎತ್ತರದ ನೆಲದವರ ಬಾಯಾರಿಕೆ ಹಿಂಗಲಿಲ್ಲ. ಅವರಿಗೆ ಹಿಂದಿನಿಂದಲೂ ಆಧಾರವಾದುದು ಕೆರೆ. ತರೀಕೆರೆಯೆಂಬ ಹೆಸರಿನಲ್ಲಿಯೇ ಕೆರೆಯಿದೆ. ಕಡೂರು ಸೀಮೆಯ ಮದಗದ ಕೆರೆಗೆ ಮಳೆ ಬಂದ ಬಗೆಯನ್ನು ಹೆಣ್ಣುಮಕ್ಕಳು ಇಂದಿಗೂ ಹಾಡುವರು. ಕೆರೆ ತುಂಬಿದುದು ಹಾಡಾಗಬೇಕಾದರೆ ಅದು ಬದುಕಿನಲ್ಲಿ ಎಷ್ಟು ದೊಡ್ಡ ಸಂಗತಿಯಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಮಳೆಯ ಮಾತೆಂದರೆ ಅದು ಒಕ್ಕಲಿಗನ ಮಾತು, ಅಂಗಡಿಯವನಿಗೆ ಅದರಿಂದೇನು ಎಂದು ಕೆಲವರು ಭಾವಿಸುವುದುಂಟು. ಇದು ಸರಿಯಾದ ತಿಳಿವಳಿಕೆಯಲ್ಲ. ಸಣ್ಣ ಊರಿನ ಪೇಟೆಯಲ್ಲಿ ಜವಳಿಯ ಅಂಗಡಿ, ಕಿರಾಣಿ ಅಂಗಡಿ, ಕಬ್ಬಿಣದ ಅಂಗಡಿ, ಅಡಕೆಯ ಮಂಡಿ, ಗೊಬ್ಬರದ ಅಂಗಡಿ, ಚಿನ್ನ ಬೆಳ್ಳಿಯ ಕೆಲಸದವರ ಮನೆ ಇವುಗಳೆಲ್ಲ ಒಂದೇ ದಾರಕ್ಕೆ ಪೋಣಿಸಿದ ಮಣಿಗಳು. ಆ ದಾರವೇ ಮಳೆ. ಮಳೆ ಸಕಾಲಕ್ಕೆ ಬಂದರೆ ತೋಟದವನು ಉದ್ದರಿ ತೀರಿಸುವನು, ಮಗಳ ಮದುವೆಗೆ ಸೀರೆ ಕೊಳ್ಳುವನು, ಮನೆಗೆ ಹೆಂಚು ಹೊದಿಸುವನು. ಮಳೆ ತಪ್ಪಿದರೆ ಅವನ ಹೆಸರಿನ ಖಾತೆಯು ಬೆಳೆಯುತ್ತ ಹೋಗುವುದು. ಅಂಗಡಿಯವನು ತನಗೆ ಮಾಲು ಕಳುಹಿಸಿದ ದೊಡ್ಡ ಪಟ್ಟಣದ ವರ್ತಕನಿಗೆ ಉತ್ತರ ಹೇಳಲಾರದೆ ಕುಳಿತುಕೊಳ್ಳುವನು. ಅಂಗಡಿಯ ಖಾತೆಪುಸ್ತಕವನ್ನು ತೆರೆದು ನೋಡಿದರೆ ಅದು ಮಳೆಯ ಪಂಚಾಂಗದಂತೆಯೇ ಕಾಣುವುದು. ಆರಿದ್ರೆ ಕೊಟ್ಟಿತೋ, ಮಘೆ ಮೋಸ ಮಾಡಿತೋ, ಎಲ್ಲವೂ ಅಲ್ಲಿ ಅಂಕಿಗಳಾಗಿ ನಿಂತಿರುವುವು. ಆದುದರಿಂದ ವರ್ತಕನೂ ಮಳೆಯ ಸಾಲಗಾರನೇ. ಕಾಗದ ಮಾತ್ರ ಬೇರೆ.

ಈಗ ಆ ಮಳೆಯ ನಡತೆಯೇ ಬದಲಾಗುತ್ತಿದೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ವೇದಾ ಮತ್ತು ಅವತಿಗಳು ಕೂಡಿ ವೇದಾವತಿಯಾಗಿ ಕಡೂರಿನ ಸೀಮೆಯನ್ನು ಹಾಯ್ದು ಹಿರಿಯೂರಿನ ವಾಣೀವಿಲಾಸ ಸಾಗರವನ್ನು ಸೇರುವುದು. ಆ ಜಲಾಶಯವು 1933ರಲ್ಲಿ ಕೋಡಿ ಬಿದ್ದ ತರುವಾಯ ಮತ್ತೆ ಕೋಡಿ ಬಿದ್ದುದು 2022ರಲ್ಲಿ, ಎಂದರೆ 89 ವರ್ಷಗಳ ಮೇಲೆ. ಜನರು ಹರ್ಷದಿಂದ ಬಾಗಿನ ಅರ್ಪಿಸಿದರು. ಮಾರನೆಯ ವರ್ಷವೇ, 2023ರಲ್ಲಿ, ಆಶ್ಲೇಷ ಮಘೆಗಳ ಮಳೆ ಬಾರದೆ ಹೋಯಿತು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ಭರತಖಂಡವು ಕಂಡ ಆಗಸ್ಟ್‌ಗಳಲ್ಲೆಲ್ಲ ಅತ್ಯಂತ ಒಣದಾಗಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ತೊಂಬತ್ತು ವರ್ಷಕ್ಕೊಮ್ಮೆ ಬರುವ ತುಂಬು, ಅದರ ಬೆನ್ನಿಗೇ ನೂರು ವರ್ಷಕ್ಕೊಮ್ಮೆ ಬರುವ ಬತ್ತು. ಎರಡೂ ಒಂದೇ ಜನರ ಮೇಲೆ, ಎರಡೂ ಹನ್ನೆರಡು ತಿಂಗಳ ಅಂತರದಲ್ಲಿ.

ಇದಕ್ಕೆ ಕಾರಣವನ್ನು ವಿಜ್ಞಾನಿಗಳು ವಿಶದಪಡಿಸಿದ್ದಾರೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸುವುದರಿಂದ ಇಂಗಾಲಾಮ್ಲ ವಾಯುವು ಗಾಳಿಗೆ ಸೇರುವುದು. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ವಾಯು ಸುಮಾರು 280 ಭಾಗವಿದ್ದಿತು. ಈಗ 420ನ್ನು ದಾಟಿದೆ. ಅದು ಹೊದ್ದಿಸಿದ ಕಂಬಳಿಯಂತೆ ಭೂಮಿಯ ಶಾಖವನ್ನು ಹೊರಗೆ ಬಿಡದೆ ತಡೆಯುವುದು. 2024ನೆಯ ಇಸವಿಯಲ್ಲಿ ಭೂಮಿಯ ಸರಾಸರಿ ಶಾಖವು ಹಿಂದಿನ ಕಾಲದ ಮಟ್ಟಕ್ಕಿಂತ ಒಂದೂವರೆ ಡಿಗ್ರಿಗೂ ಮೇಲಕ್ಕೆ ಏರಿತು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಹೀಗೆ ಹೊತ್ತುಕೊಂಡುದನ್ನು ಅದು ಹದವಾಗಿ ಇಳಿಸುವುದಿಲ್ಲ. ಬಹುಕಾಲ ಹಿಡಿದಿಟ್ಟುಕೊಂಡು ಒಮ್ಮೆಗೇ ಸುರಿದುಬಿಡುವುದು. ಹಿಂದೆ ತಿಂಗಳೊಪ್ಪತ್ತು ಜಿನುಗುತ್ತಿದ್ದ ಮಳೆಯು ನಾಲ್ಕು ದಿನಗಳಲ್ಲಿ ಬಿದ್ದು ಹರಿದು ಹೋಗುವುದಕ್ಕೆ ಇದೇ ಮೂಲ.

ಅಡಕೆಯ ಮನೆಗಳಲ್ಲಿ ಇದರ ಫಲ ಕಣ್ಣೆದುರಿಗೇ ಇದೆ. ಹಸಿ ಅಡಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸಿದರೆ ಕೆಂಪಡಕೆಯಾಗುವುದು. ಚಿತ್ತೆ ಸ್ವಾತಿಗಳು ಮಿತಿಮೀರಿ ಸುರಿದರೆ ಬೆಂದ ಅಡಕೆಯು ಒಣಗದೆ ಬೂಷ್ಟು ಹಿಡಿದು ಬಣ್ಣಗೆಡುವುದು. ರಾಶಿಯ ಬೆಲೆಗೆ ಹೋಗಬೇಕಾದುದು ಕೇಳುವವರಿಲ್ಲದೆ ಉಳಿಯುವುದು. ಮುಂಗಾರು ಬಿಡದೆ ಹಿಡಿದ ವರ್ಷ ಕೊಳೆರೋಗ. ಇತ್ತೀಚೆಗೆ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕಿ ರೋಗ. ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಹೊಡೆದರೂ ಮೇಲೆಯೇ ಮಳೆ ಬಿದ್ದರೆ ಅದು ತೊಳೆದು ಹೋಗುವುದು. ಹೀಗೆ ಮಳೆ ಬಾರದಿದ್ದರೂ ನಷ್ಟ, ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ನಷ್ಟ.

ಇಷ್ಟನ್ನು ಕೇಳಿದವರು, ‘ಲೋಕವೆಲ್ಲ ಸೇರಿ ಕೆಡಿಸಿದ ಆಕಾಶವನ್ನು ಅಮೃತಾಪುರದವನು ಸರಿಪಡಿಸಲಾದೀತೆ?’ ಎಂದು ಕೇಳುವರು. ಆಗದು. ಅದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಆದರೆ ಇಲ್ಲಿ ಎರಡು ದೋಷಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಆಕಾಶದ ಶಾಖ ಲೋಕದ ದೋಷ. ಕೆರೆಯ ಹೂಳು ಊರಿನ ದೋಷ. ಮೊದಲನೆಯದನ್ನು ಮುಂದೆ ಮಾಡಿ ಎರಡನೆಯದನ್ನು ಮರೆಯಿಸುವುದು ಜಾಣತನವೇ ಹೊರತು ಸದಾಚಾರವಲ್ಲ.

ಊರಿನ ದೋಷದ ಲೆಕ್ಕವನ್ನು ಬಿಚ್ಚಿ ಹೇಳುವುದು ಒಳಿತು. ಅಡಕೆಯು ಮೂಲತಃ ತಗ್ಗಿನ, ನೀರಿನ ಆಸರೆಯುಳ್ಳ ನೆಲದ ಬೆಳೆ. ಬೆಲೆಯ ಆಸೆಯಿಂದ ಅದು ದಿಣ್ಣೆಗೂ ಬಯಲಿನ ಹೊಲಗಳಿಗೂ ಏರಿತು, ಏರಿಸಿದುದು ಕೊಳವೆಬಾವಿ. ಬೇಸಗೆಯಲ್ಲಿ ಒಂದು ಅಡಕೆಯ ಮರಕ್ಕೆ ಹನಿಹನಿಯಾಗಿ ಕೊಟ್ಟರೂ ದಿನಕ್ಕೆ 16ರಿಂದ 20 ಲೀಟರು ನೀರು ಬೇಕು. ಎಕರೆಗೆ ಸುಮಾರು 550 ಮರಗಳೆಂದರೆ ಒಂದು ದಿನಕ್ಕೆ ಹತ್ತು ಸಾವಿರ ಲೀಟರು. ಹಳ್ಳಿಯ ಮನೆಗಳಿಗೆ ತಲೆಯೊಂದಕ್ಕೆ ದಿನಕ್ಕೆ 55 ಲೀಟರು ಕೊಡಬೇಕೆಂಬುದು ಸರ್ಕಾರವು ಜಲಜೀವನ ಯೋಜನೆಯಲ್ಲಿ ಇಟ್ಟುಕೊಂಡಿರುವ ಅಳತೆ. ಎಂದಮೇಲೆ ಒಂದು ಎಕರೆ ತೋಟವು ಬೇಸಗೆಯ ಒಂದು ದಿನ ಕುಡಿಯುವ ನೀರು ನೂರೆಂಬತ್ತು ಮಂದಿಗೆ ಸಾಕಾಗತಕ್ಕದ್ದು. ಈ ಮಾತಿನಿಂದ ತೋಟದವರ ಮನಸ್ಸು ನೋಯಬಾರದು. ಈ ಸೀಮೆಯ ಮನೆಗಳಲ್ಲಿ ದೀಪ ಉರಿಯುತ್ತಿರುವುದೂ, ಮಕ್ಕಳು ವಿದ್ಯಾವಂತರಾದುದೂ, ಮಠಗಳಲ್ಲಿ ದಾಸೋಹ ನಡೆದುಬಂದುದೂ ಬಹುಮಟ್ಟಿಗೆ ಅಡಕೆಯಿಂದಲೇ. ಆದರೆ ಅನ್ನ ಕೊಟ್ಟ ಬೆಳೆಯೇ ನೀರಿನ ಬೊಕ್ಕಸವನ್ನು ಬರಿದುಮಾಡುತ್ತಿದ್ದರೆ, ಆ ಸಂಗತಿಯನ್ನು ಗುರುಮನೆಯಲ್ಲಿಯೂ ಹೇಳದೆ ಮತ್ತೆಲ್ಲಿ ಹೇಳಬೇಕು?

ಇಲ್ಲಿ ಶರಣರ ಚರಿತ್ರೆಯು ದಾರಿ ತೋರಿಸುವುದು. ಆಯ್ದಕ್ಕಿ ಮಾರಯ್ಯನವರ ಕಾಯಕವು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಕದ್ದುದಲ್ಲ, ಬೇಡಿದುದಲ್ಲ, ಆಯ್ದುದೇ. ಆದರೂ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಕಳುಹಿಸಿದರು. ಧನ ನ್ಯಾಯವಾದುದೇ ಎಂಬ ಪ್ರಶ್ನೆಯೊಂದೇ ಸಾಲದು, ಅಳತೆ ಸರಿಯಾದುದೇ ಎಂಬ ಪ್ರಶ್ನೆಯೂ ಬೇಕು ಎಂಬುದು ಆ ತಾಯಿಯ ತೀರ್ಪಿನ ಸಾರ. ತನ್ನ ಹೊಲದಲ್ಲಿ ತಾನು ಕೊರೆಸಿದ ಬಾವಿಯ ನೀರು ತನಗೆ ನ್ಯಾಯವೆಂದು ಒಕ್ಕಲಿಗನು ಹೇಳಬಹುದು. ಲಕ್ಕಮ್ಮನವರು ಮುಂದಿದ್ದರೆ ಅಳತೆಯನ್ನು ಕೇಳುತ್ತಿದ್ದರು.

ಕೆರೆಯು ನೀರಿನ ಪಾತ್ರೆ ಮಾತ್ರವೆಂದು ತಿಳಿಯತಕ್ಕದ್ದಲ್ಲ. ಶರಣರ ಕಾಯಕಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಇದು ಹೊಳೆಯುವುದು. ಕುಂಬಾರ ಗುಂಡಯ್ಯನವರ ಕಾಯಕಕ್ಕೆ ಮಣ್ಣು ಬೇಕು, ಜೇಡಿಮಣ್ಣು ಕೆರೆಯಂಗಳದ್ದು. ಮಡಿವಾಳ ಮಾಚಯ್ಯನವರ ಕಾಯಕಕ್ಕೆ ನೀರು ಬೇಕು. ನುಲಿಯ ಚಂದಯ್ಯನವರು ಹಗ್ಗಕ್ಕೆ ಹುಲ್ಲು ಕೊಯ್ಯುತ್ತಿದ್ದುದು ನೀರಿನ ಅಂಚಿನಲ್ಲಿಯೇ. ಅಲ್ಲಿಯೇ ಅವರ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ಅಂಬಿಗರ ಚೌಡಯ್ಯನವರ ದೋಣಿಗೆ ಹೊಳೆಯೇ ಬೇಕು. ನೀರು ಬತ್ತಿದ ಊರಿನಲ್ಲಿ ಬೆಳೆಯೊಂದೇ ಸಾಯುವುದಿಲ್ಲ. ಕಾಯಕಗಳು ಒಂದೊಂದಾಗಿ ಕಣ್ಮುಚ್ಚುವುವು. ಉಳಿಯುವುದು ಹೊರಗಿನಿಂದ ಬಂದ ಮಾಲನ್ನು ಮಾರುವ ಅಂಗಡಿ ಮಾತ್ರ. ಕೊಳ್ಳುವವನ ಕೈಯಲ್ಲಿ ಕಾಸಿಲ್ಲದ ಮೇಲೆ ಅದೂ ಉಳಿಯದು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ಆ ಕೆಲಸದಲ್ಲಿ ಮಗ್ನರಾಗಿದ್ದ ಅವರನ್ನು ಅಲ್ಲಮಪ್ರಭುಗಳು ಕಂಡು, ಹೊರಗಿನ ಕಲ್ಲುಮಣ್ಣಿನ ಕೆಲಸವೇ ಪರಮಾರ್ಥವಲ್ಲವೆಂದು ಎಚ್ಚರಿಸಿ ಕಲ್ಯಾಣಕ್ಕೆ ಕರೆದುಕೊಂಡು ಹೋದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಈ ಪ್ರಸಂಗವನ್ನು ಓದಿ, ಕೆರೆ ಕಟ್ಟುವುದು ನಿಷ್ಪ್ರಯೋಜಕವೆಂದು ಹೇಳುವವರುಂಟು. ಅದು ಅರ್ಧ ಓದು. ಪ್ರಭುಗಳು ಅಲ್ಲಗಳೆದುದು ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು, ಕೆರೆಯನ್ನಲ್ಲ. ಅಹಂಕಾರ ಕಳೆದ ಮೇಲೆ ಕೆರೆಯ ಕೆಲಸವು ಧರ್ಮಕಾರ್ಯವಾಗಿ ಉಳಿಯದೆ ನಿತ್ಯಕಾಯಕವಾಗುವುದು. ಧರ್ಮಕಾರ್ಯಕ್ಕೆ ಶಿಲಾಫಲಕ ಬೇಕು, ಕಾಯಕಕ್ಕೆ ಬೇಡ.

ಹಿಂದಿನ ವರ್ತಕರು ಇದನ್ನು ಅರಿತಿದ್ದರು. ಹೊಯ್ಸಳರ ಕಾಲದ ಶಾಸನಗಳನ್ನು ನೋಡಿದರೆ, ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು ಮೊದಲಾದ ವರ್ತಕ ಸಂಘಗಳವರು ಅಡಕೆಯ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಮೆಣಸಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ಗೊತ್ತುಮಾಡಿ ಧರ್ಮಕ್ಕೆ ಬಿಟ್ಟುಕೊಡುತ್ತಿದ್ದುದು ತಿಳಿಯುವುದು. ಕೆರೆಯ ಜೀರ್ಣೋದ್ಧಾರಕ್ಕೆಂದು ಬಿತ್ತುವಟ್ಟವೆಂಬ ಭೂಮಿಯ ದತ್ತಿಗಳಿದ್ದುವು. ಹೂಳನ್ನು ಹೊರುವ ಕೆರೆಬಂಡಿಗೆಂದೇ ಪ್ರತ್ಯೇಕವಾದ ದತ್ತಿಗಳಿದ್ದುವು. ಹೇರು ಹೋಗುವಾಗಲೇ ಕೊಟ್ಟುದರಿಂದ ಕೊಟ್ಟವನಿಗೆ ಭಾರವಾಗಲಿಲ್ಲ. ಎಲ್ಲರೂ ಕೊಟ್ಟುದರಿಂದ ಒಬ್ಬನಿಗೆ ನಷ್ಟವಾಗಲಿಲ್ಲ. ಪ್ರತಿವರ್ಷ ಕೊಟ್ಟುದರಿಂದ ಕೆರೆಯು ಹೂಳಲಿಲ್ಲ. ನೀರಿನ ಪಾಲನೆಯನ್ನು ವ್ಯಾಪಾರದ ಹೊರಗಿನ ದಾನವೆಂದು ಅವರು ಎಣಿಸದೆ, ವ್ಯಾಪಾರದ ಒಳಗಿನ ವೆಚ್ಚವೆಂದು ಎಣಿಸಿದರು. ಇಂದು ಮರೆತಿರುವುದು ಇದೊಂದೇ ಸೂತ್ರ.

ಇಲ್ಲಿ ಒಂದು ಪೂರ್ವಪಕ್ಷವುಂಟು. ‘ನಾನೊಬ್ಬನು ನೀರನ್ನು ಉಳಿಸಿದರೆ ನೆರೆಯವನು ಅದನ್ನೆತ್ತಿಕೊಳ್ಳುವನು. ನಾನೊಬ್ಬನು ಪ್ಲಾಸ್ಟಿಕ್ ಚೀಲ ಕೊಡದಿದ್ದರೆ ಗಿರಾಕಿಯು ಪಕ್ಕದ ಅಂಗಡಿಗೆ ಹೋಗುವನು. ಬಡ ವರ್ತಕನು ಧರ್ಮವನ್ನು ಹೇಗೆ ಹೊರಬೇಕು?’ ಎಂದು. ಈ ಮಾತಿನಲ್ಲಿ ಸತ್ಯವಿದೆ. ಇದನ್ನು ಉಪದೇಶದಿಂದ ಹಾರಿಸಿಬಿಡಲಾಗದು. ನೆಲದೊಳಗಿನ ನೀರು ಒಂದೇ ಕೊಪ್ಪರಿಗೆ. ಅದಕ್ಕೆ ನೂರು ಸೌಟುಗಳು. ಒಂದು ಸೌಟು ಹಿಂದೆ ಸರಿದ ಮಾತ್ರಕ್ಕೆ ಕೊಪ್ಪರಿಗೆ ತುಂಬದು. ಇದಕ್ಕೆ ಸಿದ್ಧಾಂತವೇನೆಂದರೆ, ಒಬ್ಬನಿಂದಾಗದುದನ್ನು ಒಬ್ಬನ ಮೇಲೆ ಹೊರಿಸಬಾರದು. ಆದರೆ ಕೂಟದಿಂದ ಆಗುವುದನ್ನು ಕೂಟವು ಬಿಡಬಾರದು. ಹೇರಿನ ಧರ್ಮವು ಹುಟ್ಟಿದುದೇ ಈ ಕಾರಣದಿಂದ. ಕೆಂಪಡಕೆಯ ಒಂದು ಕ್ವಿಂಟಾಲು ಹತ್ತಾರು ಸಾವಿರ ರೂಪಾಯಿಗೆ ಮಾರುವ ಈ ಕಾಲದಲ್ಲಿ ಬೆಳೆದವನೂ ಕೊಂಡವನೂ ಕೂಡಿ ಕ್ವಿಂಟಾಲಿಗೆ ಹತ್ತು ರೂಪಾಯಿಯನ್ನು ಊರಿನ ಕೆರೆಗೆಂದು ತೆಗೆದಿಟ್ಟರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಕೆರೆಯ ಹೂಳನ್ನು ಬೇಸಗೆಯಲ್ಲಿ ಎತ್ತಿ ತೋಟಕ್ಕೂ ಹೊಲಕ್ಕೂ ಹಾಕಿದರೆ ಕೆರೆಗೆ ಆಳ, ನೆಲಕ್ಕೆ ಸಾರ. ಮಳೆಯು ನಾಲ್ಕು ದಿನಗಳಲ್ಲಿ ಸುರಿದು ಹೋಗುವ ಕಾಲದಲ್ಲಿ ಆ ನಾಲ್ಕು ದಿನದ ನೀರನ್ನು ಹಿಡಿದು ನಿಲ್ಲಿಸಬಲ್ಲ ಪಾತ್ರೆಯು ಕೆರೆಯೇ.

ಅಂಗಡಿಯ ಬಾಗಿಲಿನಲ್ಲಿಯೂ ಆಗತಕ್ಕ ಕೆಲಸಗಳುಂಟು. ಒಂದು ಚದರ ಮೀಟರು ಚಾವಣಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುವುದು. 50 ಚದರ ಮೀಟರಿನ ಅಂಗಡಿಯ ಮೇಲೆ ವರ್ಷದಲ್ಲಿ 600 ಮಿಲಿಮೀಟರು ಮಳೆ ಸುರಿದರೆ 30,000 ಲೀಟರು. ಅದನ್ನು ಬೀದಿಯ ಚರಂಡಿಗೆ ಬಿಡುವುದೋ, ತೊಟ್ಟಿಗೋ ಇಂಗುಗುಂಡಿಗೋ ಇಳಿಸುವುದೋ ಅಂಗಡಿಯವನ ಕೈಯಲ್ಲಿದೆ. ತೋಟದಲ್ಲಿ ಉದುರಿದ ಹಾಳೆಯನ್ನು ತೊಳೆದು ಒತ್ತಿ ತಟ್ಟೆ ದೊನ್ನೆಗಳನ್ನು ಮಾಡುವ ಕೆಲಸವು ಅಡಕೆಯ ಸೀಮೆಯ ಮನೆವ್ಯಾಪಾರವಾಗಿ ಬೆಳೆದಿದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳನ್ನು ಕರ್ನಾಟಕವು 2016ರಲ್ಲಿಯೂ, ಅವುಗಳಲ್ಲಿ ಹಲವನ್ನು ದೇಶವು 2022ರಲ್ಲಿಯೂ ನಿಷೇಧಿಸಿದುವು. ಆದರೂ ನಿಷೇಧವು ಕಾಗದದಲ್ಲಿ, ಪ್ಲಾಸ್ಟಿಕ್ಕು ಕೆರೆಯ ಕೋಡಿಯಲ್ಲಿ. ಮದುವೆಗೂ ಜಾತ್ರೆಗೂ ದಾಸೋಹಕ್ಕೂ ಹಾಳೆಯ ತಟ್ಟೆಯನ್ನೇ ಕೊಂಡರೆ ಹಣವು ಊರಿನಲ್ಲಿಯೇ ಉಳಿಯುವುದು, ತಟ್ಟೆಯು ತಿಪ್ಪೆಗೆ ಬಿದ್ದು ಗೊಬ್ಬರವಾಗುವುದು. ಕೊಡೆ ರಿಪೇರಿಯವನು, ಚಪ್ಪಲಿ ಹೊಲಿಯುವವನು, ಪಾತ್ರೆಗೆ ಕಲಾಯಿ ಹಾಕುವವನು, ಸೈಕಲ್ಲು ಸರಿಮಾಡುವವನು ಇವರ ಕಾಯಕವು ಉಳಿದರೆ ಎಷ್ಟೋ ವಸ್ತುಗಳು ಎರಡನೆಯ ಆಯುಸ್ಸನ್ನು ಪಡೆಯುವುವು. ಹೊಸದನ್ನು ಮಾಡಲು ಎಲ್ಲಿಯೋ ಉರಿಯಬೇಕಾಗಿದ್ದ ಕಲ್ಲಿದ್ದಲು ಅಷ್ಟರಮಟ್ಟಿಗೆ ನೆಲದಲ್ಲಿಯೇ ಉಳಿಯುವುದು.

ಇವುಗಳಿಂದ ಲೋಕದ ಶಾಖವು ಇಳಿಯುವುದೆಂದು ಯಾರಿಗೂ ಮಾತು ಕೊಡಲಾಗದು. ಅದು ದೊಡ್ಡ ದೇಶಗಳೂ ದೊಡ್ಡ ಕಾರ್ಖಾನೆಗಳೂ ಮಾಡಬೇಕಾದ ಪ್ರಾಯಶ್ಚಿತ್ತ. ಆದರೆ 2023ರಂತಹ ವರ್ಷವು ಮತ್ತೆ ಬಂದಾಗ ಒಂದು ಊರಿನ ದನಕರುಗಳಿಗೆ ನೀರಿರುವುದೋ ಇಲ್ಲವೋ, ಬೀದಿಯ ಸಣ್ಣ ಅಂಗಡಿಯ ಬಾಗಿಲು ತೆರೆದಿರುವುದೋ ಮುಚ್ಚಿರುವುದೋ ಎಂಬುದು ಮಾತ್ರ ಊರಿನವರ ಕೈಯಲ್ಲಿಯೇ ಇದೆ. ಕೈಯಲ್ಲಿರುವುದನ್ನು ಮಾಡುವುದೇ ಕಾಯಕ.

ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು, ಪ್ರಸಾದವೂ ಒಂದು. ಪಾದೋದಕದ ಒಂದು ಹನಿಯನ್ನು ಭಕ್ತನು ನೆಲಕ್ಕೆ ಬೀಳಗೊಡುವುದಿಲ್ಲ. ಪ್ರಸಾದದ ಒಂದು ಅಗುಳನ್ನು ತಟ್ಟೆಯಲ್ಲಿ ಬಿಡುವುದಿಲ್ಲ. ಪೂಜೆಯ ಹೊತ್ತಿನಲ್ಲಿ ಅಂಗೈಯಲ್ಲಿ ಇಷ್ಟು ಎಚ್ಚರಿಕೆಯಿಂದ ಹಿಡಿದ ನೀರು, ತೋಟದ ಕೊಳವೆಯಲ್ಲಿ ಹರಿಯುವಾಗ ಬೇರೆ ನೀರಾಗುವುದೆ? ಲಿಂಗಾಂಗ ಸಾಮರಸ್ಯವನ್ನು ನಂಬಿದವನಿಗೆ ಅದು ಬೇರೆಯಾಗಕೂಡದು.

ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಕಲ್ಲಿನ ದೇಗುಲವು ಎಂಟುನೂರು ವರ್ಷಗಳಿಗೂ ಮೀರಿ ನಿಂತಿದೆ. ಕಲ್ಲು ಒಮ್ಮೆ ನಿಂತರೆ ತಾನಾಗಿ ನಿಲ್ಲುವುದು. ಕೆರೆ ಹಾಗಲ್ಲ, ಅದನ್ನು ಒಂದು ತಲೆಮಾರು ಮರೆತರೆ ಹೂಳುವುದು, ಎರಡು ತಲೆಮಾರು ಮರೆತರೆ ಹೊಲವಾಗುವುದು, ಮೂರನೆಯ ತಲೆಮಾರಿಗೆ ಅದರ ಹೆಸರು ಮಾತ್ರ ಉಳಿಯುವುದು. ಶ್ರೀಮಠದ ಈ ಮಹೋತ್ಸವಕ್ಕೆ ಬಂದ ವರ್ತಕ ಭಕ್ತರು ಮರಳಿ ಅಂಗಡಿಯ ಬಾಗಿಲನ್ನು ತೆರೆದಾಗ, ಹೊಸ ವರ್ಷದ ಖಾತೆಪುಸ್ತಕದಲ್ಲಿ ಊರಿನ ಕೆರೆಯ ಹೆಸರಿಗೂ ಒಂದು ಪುಟವನ್ನು ಬಿಡಲಿ. ಕೊಟ್ಟುದನ್ನು ಅಲ್ಲಿ ಬರೆಯಲಿ. ಕೊಡದ ವರ್ಷ ಬಾಕಿಯೆಂದು ಬರೆಯಲಿ. ಆ ಬಾಕಿಯನ್ನು ಮಕ್ಕಳು ಓದುವರೆಂಬ ಎಚ್ಚರವಿರಲಿ.

ಶ್ರೀಗುರುವಿನ ಕೃಪೆಯಿಂದ ಸೀಮೆಯ ಕೆರೆಗಳು ತುಂಬಲಿ, ಕಾಯಕಗಳು ಉಳಿಯಲಿ, ದಾಸೋಹವು ನಿರಂತರವಾಗಿ ನಡೆಯಲಿ.